ಹಳೇ ಪಿಂಚಣಿ ಬೇಕು... ಯಾರ್ಯಾರಿಗೆ?

ಬಹಳ ದಿನ ಆಯ್ತು ಇಲ್ಲಿ ಏನೂ ಬರೆಯದೆ. ಪರೀಕ್ಷೆ, ಪೇಪರ್ ತಿದ್ದೋದು, ಆನ್‌ಲೈನ್ ಎಂಟ್ರಿ, ಸಮೀಕ್ಷೆ... ಸರ್ಕಾರಿ ಮಾಸ್ತರನ ಹಣೆಬರಹ ನಿಮಗೆ ಗೊತ್ತಿದ್ದದ್ದೇ. ಇವತ್ತು ಬರೆಯಲೇಬೇಕು ಅನ್ನಿಸಿದ್ದಕ್ಕೆ ಕಾರಣ ಮಾರ್ಚ್ ಕೊನೆಗೆ ನಮ್ಮ ಸಾಲಿಯಲ್ಲಿ ನಡೆದ ಒಂದು ಬೀಳ್ಕೊಡುಗೆ ಸಮಾರಂಭ. ಸ್ವಲ್ಪ ಉದ್ದ ಆಗುತ್ತೆ, ಸ್ವಲ್ಪ ಸಿಟ್ಟೂ ಇದೆ. ಪೂರ್ತಿ ಓದಿ ಆಮೇಲೆ ಬೈಯಿರಿ, ನಡುವೆ ಎದ್ದು ಹೋಗಬೇಡಿ :-)

ನಾನಿರೋದು ಕೊಪ್ಪಳ ಜಿಲ್ಲೆ ಯಲಬುರ್ಗಾ ತಾಲ್ಲೂಕಿನ ಒಂದು ಹಳ್ಳಿ. ಅಲ್ಲಿನ ಪ್ರಾಥಮಿಕ ಶಾಲೆ ಮಾಸ್ತರ. ನೌಕರಿಗೆ ಸೇರಿದ್ದು 2008ರಲ್ಲಿ. ಊರ ಹೆಸರು, ನನ್ನ ಹೆಸರು ಹಾಕುತ್ತಿಲ್ಲ, ಯಾಕಂದರೆ ಸರ್ಕಾರಿ ನೌಕರನಿಗೆ ನಡತೆ ನಿಯಮ ಅಂತ ಒಂದಿದೆ, ಬಾಯಿ ಬಿಟ್ಟರೆ ನೋಟಿಸ್ ಬರುತ್ತೆ. ಹಳೇ ಓದುಗರಿಗೆ ನಾನ್ಯಾರು ಅಂತ ಗೊತ್ತು, ಅಷ್ಟು ಸಾಕು.

ನಮ್ಮ ಹೆಡ್ ಮಾಸ್ತರರಿಗೆ ಮಾರ್ಚ್ 31ಕ್ಕೆ ನಿವೃತ್ತಿ. ಒಳ್ಳೇ ಮನುಷ್ಯ. ಮೂವತ್ತು ವರ್ಷಕ್ಕೂ ಮಿಕ್ಕಿ ಸುತ್ತಲಿನ ಹಳ್ಳಿಗಳಲ್ಲೇ ಪಾಠ ಮಾಡಿದವರು. ಊರವರೆಲ್ಲ ಸೇರಿ ಶಾಮಿಯಾನ ಹಾಕಿಸಿದರು. ಶಾಲು, ಹಾರ, ಬೆಳ್ಳಿಯ ಬಸವಣ್ಣ, ಹೆಣ್ಣುಮಕ್ಕಳ ಕಣ್ಣೀರು, ಹಳೇ ವಿದ್ಯಾರ್ಥಿಗಳ ಭಾಷಣ. ಊಟಕ್ಕೆ ಗೋಧಿ ಹುಗ್ಗಿ, ಬದನೆಕಾಯಿ ಪಲ್ಯ, ಮಿರ್ಚಿ, ಅನ್ನ ಸಾರು. ನಾನೂ ಮೈಕ್ ಹಿಡಿದು ನಾಲ್ಕು ಮಾತಾಡಿದೆ, ಗಂಟಲು ಕಟ್ಟಿತು.

ಎಲ್ಲ ಮುಗಿದು ಸಂಜೆ ಕುರ್ಚಿ ಎಣಿಸಿ ಇಡುತ್ತಿದ್ದೆ. ಹಿಂದುಗಡೆ ಅಡುಗೆ ಕೋಣೆ ಹತ್ತಿರ ನಮ್ಮ ಅಡುಗಿ ಅಕ್ಕ ಹುಗ್ಗಿ ಮಾಡಿದ ದೊಡ್ಡ ಬೋಗುಣಿ ತಿಕ್ಕುತ್ತಿದ್ದಳು. ನನ್ನನ್ನು ನೋಡಿ ಕೈ ತೊಳಕೊಂಡು ಎದ್ದು ಬಂದಳು.

"ಸರ, ನಾ ನಾಳೆಯಿಂದ ಬರಂಗಿಲ್ರಿ. ನನಗೂ ಅರವತ್ತು ಆದುವಂತ. ಕಾಗದ ಬಂದೈತಿ."

ನನಗೆ ಗೊತ್ತಿತ್ತು, ಆದರೂ ಮರೆತಿದ್ದೆ. ಆ ತಿಂಗಳೇ ಆಕೆಯದೂ ಕೊನೆ. ಇಬ್ಬರಿಗೂ ಅದೇ ಅರವತ್ತು, ಇಬ್ಬರಿಗೂ ಅದೇ ಸಾಲಿ.

"ಹೆಡ್ ಸರ್‌ಗೆ ಪಿಂಚಣಿ ಬರತೈತಂತಲ್ರಿ... ನನಗೂ ಏನರ ಬರತೈತೇನ್ರಿ?"

ಶಾಮಿಯಾನದ ಹಗ್ಗ ಬಿಚ್ಚುತ್ತಿದ್ದ ಹುಡುಗ ಕೂಡ ನನ್ನ ಕಡೆ ತಿರುಗಿ ನೋಡಿದ. ನಾನು "ವಿಚಾರಿಸಿ ಹೇಳ್ತೀನಿ ಅಕ್ಕಾ" ಅಂದೆ. ಸುಳ್ಳು. ವಿಚಾರಿಸೋದು ಏನೂ ಇರಲಿಲ್ಲ. ಪಿಂಚಣಿ ಇಲ್ಲ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಆಕೆಗೆ ಒಂದು ಶಾಲು ತರಬೇಕಿತ್ತು ಅಂತ ಹೊಳೆದದ್ದೂ ಆಗಲೇ.

ಈ ಅಕ್ಕ ಯಾವಾಗಿಂದ ಅಡುಗೆ ಮಾಡುತ್ತಿದ್ದಳು ಗೊತ್ತೇ? 2002ರಿಂದ. ಕರ್ನಾಟಕದಲ್ಲಿ ಅಕ್ಷರ ದಾಸೋಹ ಮೊದಲು ಶುರುವಾಗಿದ್ದು ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ, ಅದರಲ್ಲಿ ನಮ್ಮ ಕೊಪ್ಪಳವೂ ಒಂದು. ಅಂದರೆ ಯೋಜನೆಗೆ ಎಷ್ಟು ವಯಸ್ಸೋ ಆಕೆಯ ಸರ್ವಿಸ್ಸೂ ಅಷ್ಟೇ. ನಾನು ಆ ಸಾಲಿಗೆ ಬರುವ ಮೊದಲೇ ಆಕೆ ಇದ್ದಳು. ಸರ್ಕಾರದ ಕಡತದಲ್ಲಿ ಮಾತ್ರ ಆಕೆ ನೌಕರಳಲ್ಲ. ಆಕೆಗೆ ಕೊಡೋದು ಸಂಬಳ ಅಲ್ಲ, ಸಂಭಾವನೆ. ಅಂಗನವಾಡಿಯವರಿಗೆ ಕೊಡೋದು ಗೌರವಧನ. ಆಶಾ ಕಾರ್ಯಕರ್ತೆಯರಿಗೆ ಪ್ರೋತ್ಸಾಹಧನ. ನೋಡಿ, ಕನ್ನಡದಲ್ಲಿ ಎಷ್ಟು ಚಂದ ಚಂದ ಶಬ್ದಗಳಿವೆ! ಸಂಬಳ ಅನ್ನೋ ಒಂದು ಶಬ್ದ ತಪ್ಪಿಸೋಕೆ ಇಡೀ ನಿಘಂಟು ಖರ್ಚು ಮಾಡಿದ್ದಾರೆ. ಇನ್ನು ದಾಸೋಹ ಅನ್ನೋ ಹೆಸರು. ದಾಸೋಹ ಮಾಡುವವರು ಕೂಲಿ ಕೇಳಬಾರದು ಅಂತಲೇ ಆ ಹೆಸರು ಇಟ್ಟರೋ ಏನೋ. ಬಸವಣ್ಣನವರ ಕಾಲದ ಮಾತನ್ನು ತಂದು ಬಡ ಹೆಂಗಸರ ಕೂಲಿ ಕಡಿಮೆ ಮಾಡೋಕೆ ಬಳಸಿದ್ದು ನೋಡಿದರೆ ಮೈ ಉರಿಯುತ್ತದೆ.

ಬೀಗ ಹಾಕಿದ ದಿನ

ಈಗ ನನ್ನದೇ ತಪ್ಪಿನ ಕಥೆ ಹೇಳಬೇಕು.

2023ರ ಮಾರ್ಚ್ 1 ನೆನಪಿದೆಯಾ? ರಾಜ್ಯ ಸರ್ಕಾರಿ ನೌಕರರ ಸಂಘ ಅನಿರ್ದಿಷ್ಟ ಮುಷ್ಕರಕ್ಕೆ ಕರೆ ಕೊಟ್ಟಿತ್ತು. ಬೇಡಿಕೆ ಎರಡು. ಏಳನೇ ವೇತನ ಆಯೋಗದ ಮಧ್ಯಂತರ ಪರಿಹಾರ ಕೊಡಿ, ಎನ್‌ಪಿಎಸ್ ತೆಗೆದು ಹಳೇ ಪಿಂಚಣಿ ವಾಪಸ್ ತನ್ನಿ. ಅವತ್ತು ತಾಲ್ಲೂಕು ಕಚೇರಿಯಿಂದ ಹಿಡಿದು ಹಳ್ಳಿ ಸಾಲಿವರೆಗೆ ಬಹಳ ಕಡೆ ಬೀಗ ಬಿತ್ತು. ನಮ್ಮ ಸಾಲಿಗೆ ಬೀಗ ಹಾಕಿದವರಲ್ಲಿ ನಾನೂ ಒಬ್ಬ. ಎನ್‌ಪಿಎಸ್‌ನವನು ನಾನು, ಎಲ್ಲರಿಗಿಂತ ಜೋರಾಗಿ ಘೋಷಣೆ ಕೂಗಿದವನೂ ನಾನೇ.

ಗೇಟಿನ ಹತ್ತಿರ ಅಡುಗಿ ಅಕ್ಕ ನಿಂತಿದ್ದಳು. ಆಕೆಗೆ ಯಾರೂ ಹೇಳಿರಲಿಲ್ಲ. ಬೆಳಿಗ್ಗೆ ಬಂದು ಒಲೆ ಹಚ್ಚಬೇಕು ಅನ್ನೋದಷ್ಟೇ ಆಕೆಗೆ ಗೊತ್ತು.

"ಇವತ್ತ ಸಾಲಿ ಇಲ್ಲೇನ್ರಿ ಸರ?"

"ಇಲ್ಲ ಅಕ್ಕ, ಮುಷ್ಕರ. ಪಿಂಚಣಿ ಸಲುವಾಗಿ."

"ಯಾರ ಪಿಂಚಣಿ ಸಲುವಾಗ್ರಿ?"

ನಾವೆಲ್ಲ ನಕ್ಕೆವು. ಪಾಪ, ತಿಳಿಯಲ್ಲ ಅಂತ. ಈಗ ಹಿಂದೆ ತಿರುಗಿ ನೋಡಿದರೆ, ಅವತ್ತು ಅಲ್ಲಿ ನಿಂತಿದ್ದವರಲ್ಲಿ ಸರಿಯಾದ ಪ್ರಶ್ನೆ ಕೇಳಿದವಳು ಆಕೆಯೊಬ್ಬಳೇ.

ಮುಷ್ಕರ ಎಷ್ಟು ಹೊತ್ತು ನಡೆಯಿತು? ಅದೇ ದಿನ ಬೊಮ್ಮಾಯಿ ಸರ್ಕಾರ ಮೂಲವೇತನದ ಮೇಲೆ ಶೇಕಡಾ 17 ಮಧ್ಯಂತರ ಪರಿಹಾರದ ಆದೇಶ ಹೊರಡಿಸಿತು. ಹಳೇ ಪಿಂಚಣಿಗೆ ಒಂದು ಸಮಿತಿ. ಮುಷ್ಕರ ವಾಪಸ್! ಅನಿರ್ದಿಷ್ಟ ಅಂತ ಶುರುವಾದದ್ದು ಒಂದು ದಿನವೂ ನಿಲ್ಲಲಿಲ್ಲ. ವಿಧಾನಸಭೆ ಚುನಾವಣೆ ಎರಡೇ ತಿಂಗಳು ದೂರ ಇತ್ತು, ಮೇ 10ಕ್ಕೆ ಮತದಾನ ಆಯ್ತು. ಅಂಥ ಹೊತ್ತಲ್ಲಿ ಐದು ಲಕ್ಷ ನೌಕರರ ಮನೆಗಳನ್ನು ಯಾವ ಸರ್ಕಾರ ಎದುರು ಹಾಕಿಕೊಳ್ಳುತ್ತೆ ಹೇಳಿ.

ದುಡ್ಡಿನ ಬೇಡಿಕೆಗೆ ದುಡ್ಡು ಸಿಕ್ಕಿತು. ಪಿಂಚಣಿ ಬೇಡಿಕೆಗೆ ಸಮಿತಿ ಸಿಕ್ಕಿತು. ಎರಡರಲ್ಲಿ ಯಾವುದು ಹಿರಿಯರಿಗೆ ಬೇಕಿತ್ತು, ಯಾವುದು ನಮ್ಮಂಥ 2006ರ ನಂತರ ಸೇರಿದವರಿಗೆ ಬೇಕಿತ್ತು ಅಂತ ಬಿಡಿಸಿ ಹೇಳಬೇಕಾಗಿಲ್ಲ. ನಾನು ಆವತ್ತು ರಾತ್ರಿ ಸಿಟ್ಟಾದೆ, ಹಿರಿಯರು ನಮ್ಮನ್ನು ನಡುನೀರಲ್ಲಿ ಕೈಬಿಟ್ಟರು ಅಂತ. ಆದರೆ ಬೆಳಿಗ್ಗೆ ಗೇಟಿನ ಮುಂದೆ ನಾನು ಅಡುಗಿ ಅಕ್ಕನಿಗೆ ಮಾಡಿದ್ದೂ ಅದೇ ಅಲ್ಲವೇ? ಅವರು ನನ್ನನ್ನು ಬಿಟ್ಟರು, ನಾನು ಆಕೆಯನ್ನು ಬಿಟ್ಟೆ.

ಲೆಕ್ಕ ಸ್ವಲ್ಪ ನೋಡೋಣ

ಬೆಂಗಳೂರಿನ ಕಂಪನಿಗಳಲ್ಲಿರುವ ಗೆಳೆಯರಿಗೆ ಈ ಓಪಿಎಸ್, ಎನ್‌ಪಿಎಸ್ ಗೊಂದಲ ಅನ್ನಿಸಬಹುದು. ಸರಳವಾಗಿ ಹೇಳ್ತೀನಿ.

ಹಳೇ ಪಿಂಚಣಿ ಅಂದರೆ ಪೂರ್ತಿ ಸರ್ವಿಸ್ ಮಾಡಿದವರಿಗೆ ಕೊನೆಯ ಮೂಲವೇತನದ ಅರ್ಧ, ಸಾಯುವವರೆಗೆ. ಬೆಲೆ ಏರಿದಂತೆ ತುಟ್ಟಿಭತ್ಯೆ ಏರುತ್ತೆ. ಆಮೇಲೆ ಹೆಂಡತಿಗೋ ಗಂಡನಿಗೋ ಕುಟುಂಬ ಪಿಂಚಣಿ. ನೌಕರ ಇದಕ್ಕೆ ತಿಂಗಳು ತಿಂಗಳು ಏನೂ ಕಟ್ಟಬೇಕಾಗಿಲ್ಲ. ಕೇಂದ್ರ ಸರ್ಕಾರ 2004ರ ಜನವರಿ 1ರಿಂದ ಸೇರಿದವರಿಗೆ (ಸೈನಿಕರನ್ನು ಬಿಟ್ಟು), ಕರ್ನಾಟಕ ಸರ್ಕಾರ 2006ರ ಏಪ್ರಿಲ್ 1ರಿಂದ ಸೇರಿದವರಿಗೆ ಇದನ್ನು ನಿಲ್ಲಿಸಿತು. ನಮಗೆ ಬಂದದ್ದು ಎನ್‌ಪಿಎಸ್. ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿಸಿ ಅದರ ಶೇಕಡಾ 10 ನಮ್ಮಿಂದ ಕಡಿತ, ಸರ್ಕಾರದಿಂದ ಮೊದಲು 10, ನಂತರ 14. ಆ ದುಡ್ಡು ಮಾರುಕಟ್ಟೆಗೆ ಹೋಗುತ್ತೆ. ನಿವೃತ್ತಿ ದಿನ ಎಷ್ಟಿದೆಯೋ ಅದರಲ್ಲಿ 60 ಭಾಗ ಕೈಗೆ, 40 ಭಾಗ ವಿಮಾ ಕಂಪನಿಗೆ ಕೊಟ್ಟು ತಿಂಗಳ ಪಿಂಚಣಿ ಕೊಳ್ಳಬೇಕು.

ಒಂದು ಉದಾಹರಣೆ ಹಿಡಿಯೋಣ. ನನ್ನ ಖಾತೆಯಲ್ಲಿ ಕೊನೆಗೆ 50 ಲಕ್ಷ ಆಯ್ತು ಅನ್ನಿ. 30 ಲಕ್ಷ ಕೈಗೆ ಬಂತು. ಉಳಿದ 20 ಲಕ್ಷಕ್ಕೆ ವರ್ಷಕ್ಕೆ ಶೇಕಡಾ 6ರ ಲೆಕ್ಕದಲ್ಲಿ ತಿಂಗಳಿಗೆ 10,000 ರೂಪಾಯಿ. ಇವತ್ತಿಗೂ 10,000, ಇಪ್ಪತ್ತು ವರ್ಷ ಆದ ಮೇಲೂ ಅದೇ 10,000. ಕೊನೆಯ ಮೂಲವೇತನ 80,000 ಇದ್ದ ಹಳೇ ಪಿಂಚಣಿಯವರಿಗೆ 40,000, ಅದರ ಮೇಲೆ ತುಟ್ಟಿಭತ್ಯೆ. ಒಂದೇ ಸಾಲಿ, ಒಂದೇ ಪಾಠ, ಒಂದೇ ಸೀಮೆಸುಣ್ಣ. ಸೇರಿದ ತಾರೀಖು ಮಾತ್ರ ಬೇರೆ.

ಇದು ಅನ್ಯಾಯ. ಇದನ್ನು ನಾನು ಇವತ್ತೂ ಹೇಳ್ತೀನಿ, ನಾಳೆಯೂ ಹೇಳ್ತೀನಿ. ಡಿ. ಎಸ್. ನಕಾರ ಪ್ರಕರಣದಲ್ಲಿ 1982ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಪಿಂಚಣಿ ಅನ್ನೋದು ಮಾಲೀಕ ಮನಸ್ಸು ಬಂದರೆ ಕೊಡುವ ಭಿಕ್ಷೆ ಅಲ್ಲ, ಹಿಂದೆ ಮಾಡಿದ ಸೇವೆಗೆ ಸಲ್ಲಬೇಕಾದ ಹಕ್ಕು ಅಂತ ಹೇಳಿತು. ಆ ದಿನವನ್ನೇ ಪಿಂಚಣಿದಾರರ ದಿನ ಅಂತ ಆಚರಿಸುತ್ತಾರೆ. ನಮ್ಮ ಎಲ್ಲಾ ಭಾಷಣಗಳೂ ಶುರುವಾಗೋದು ಇದೇ ತೀರ್ಪಿನಿಂದ.

ಸರಿ, ಹಾಗಾದರೆ ನನ್ನ ಪ್ರಶ್ನೆ ಇಷ್ಟೇ. ಪಿಂಚಣಿ ಹಿಂದೆ ಮಾಡಿದ ದುಡಿಮೆಗೆ ಸಲ್ಲುವ ಹಕ್ಕು ಅನ್ನೋದಾದರೆ, ಇಪ್ಪತ್ತು ವರ್ಷಕ್ಕೂ ಮಿಕ್ಕಿ ಹೊಗೆ ಕುಡಿದು ಅನ್ನ ಬೇಯಿಸಿದ್ದು ದುಡಿಮೆ ಅಲ್ಲವೇ? 2023ರ ಆ ಮುಷ್ಕರದ ಹೊತ್ತಿಗೆ ಬಿಸಿಯೂಟದ ಮುಖ್ಯ ಅಡುಗೆಯವರಿಗೂ ತಿಂಗಳಿಗೆ ನಾಲ್ಕು ಸಾವಿರ ಮುಟ್ಟಿರಲಿಲ್ಲ. 2025ರ ರಾಜ್ಯ ಬಜೆಟ್‌ನಲ್ಲಿ ಒಂದು ಸಾವಿರ ಏರಿಸಿದ ಮೇಲೂ ಐದು ಸಾವಿರ ಮುಟ್ಟಲಿಲ್ಲ. ಅದರಲ್ಲಿ ಕೂಡಿಡೋದು ಏನು, ಮುಪ್ಪಿಗೆ ಉಳಿಸೋದು ಏನು?

ಈಗ ಆಕೆ ನಾಡಕಚೇರಿಗೆ ಹೋಗಿ ವೃದ್ಧಾಪ್ಯ ವೇತನದ ಅರ್ಜಿ ಹಾಕಬೇಕು. ಸಂಧ್ಯಾ ಸುರಕ್ಷಾ 65 ದಾಟಿದವರಿಗೆ, 2021ರಲ್ಲಿ ಅದನ್ನು 1,200 ಮಾಡಿದರು. 60ರಿಂದ 64ರವರಿಗೆ ಅದಕ್ಕಿಂತ ಕಡಿಮೆ. ಅದರೊಳಗೆ ಕೇಂದ್ರದ ಪಾಲು, 80 ತುಂಬದವರಿಗೆ, ಹತ್ತು ವರ್ಷಕ್ಕೂ ಮೀರಿ 200 ರೂಪಾಯಿಯಲ್ಲೇ ನಿಂತುಬಿಟ್ಟಿದೆ. ಇನ್ನೂರು ರೂಪಾಯಿ! ಕೊಪ್ಪಳಕ್ಕೆ ಹೋಗಿ ಡಾಕ್ಟರಿಗೆ ತೋರಿಸಿ ಬರೋಕೆ ಸಾಲಲ್ಲ.

ಅಪ್ಪನ ಪಿಂಚಣಿ

ನಮ್ಮ ಮನೆಯಲ್ಲೇ ಇನ್ನೊಂದು ನಮೂನೆ ಇದೆ. ಅಪ್ಪ ಬಸ್ ಕಂಡಕ್ಟರ್ ಆಗಿದ್ದವರು, 2011ರಲ್ಲಿ ನಿವೃತ್ತಿ. ಕುಷ್ಟಗಿ, ಹನುಮಸಾಗರ, ತಾವರಗೇರಾ, ಗಂಗಾವತಿ ಅಂತ ಬಸ್ಸಿನಲ್ಲೇ ಆಯುಷ್ಯ ಕಳೆದರು. ಊರಲ್ಲಿ ಎಲ್ಲರೂ "ಸರ್ಕಾರಿ ನೌಕರಿ ಮಾಡ್ಯಾನ, ಪಿಂಚಣಿ ಬರತೈತಿ, ಅರಾಮ ಅದಾನ" ಅಂತಾರೆ. ಆದರೆ ಸಾರಿಗೆ ನಿಗಮದವರು ಸರ್ಕಾರಿ ಪಿಂಚಣಿಯ ಲೆಕ್ಕದಲ್ಲಿ ಬರೋದಿಲ್ಲ. ಅವರಿಗಿರೋದು ಭವಿಷ್ಯ ನಿಧಿಯ ಇಪಿಎಸ್-95. ಎಷ್ಟೇ ಸಂಬಳ ಇರಲಿ, ಪಿಂಚಣಿ ಲೆಕ್ಕಕ್ಕೆ ಹಿಡಿಯೋದು ಒಂದು ಮಿತಿಯವರೆಗೆ ಮಾತ್ರ. 2014ರ ಸೆಪ್ಟೆಂಬರ್‌ವರೆಗೆ 6,500, ಆಮೇಲೆ 15,000. ಅದನ್ನು ಸರ್ವಿಸ್ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. 15,000ದ ಮಿತಿಯಲ್ಲಿ 35 ವರ್ಷದ ಲೆಕ್ಕ ಹಿಡಿದರೂ 7,500. ಕನಿಷ್ಠ ಪಿಂಚಣಿ 1,000 ಅಂತ ಮಾಡಿದ್ದು 2014ರಲ್ಲಿ. ಅಪ್ಪನಿಗೆ ಬರೋದು ಎರಡು ಸಾವಿರದ ಆಜುಬಾಜು. ತುಟ್ಟಿಭತ್ಯೆ ಇಲ್ಲ, ಏರಿಕೆ ಇಲ್ಲ. ನಿವೃತ್ತಿಯಾದ ತಿಂಗಳು ಎಷ್ಟು ಬಂತೋ ಇವತ್ತೂ ಅಷ್ಟೇ. ಅವರ ಬಿಪಿ ಶುಗರ್ ಮಾತ್ರೆಗೇ ಅದು ಹೋಗುತ್ತೆ.

ಮುಷ್ಕರದಲ್ಲೂ ಎಷ್ಟು ಭೇದ ನೋಡಿ. 2020ರ ಡಿಸೆಂಬರ್‌ನಲ್ಲಿ ಸಾರಿಗೆಯವರು ನಾಲ್ಕು ದಿನ ಬಸ್ ನಿಲ್ಲಿಸಿದರು. 2021ರ ಏಪ್ರಿಲ್ 7ರಿಂದ ಮತ್ತೆ ಎರಡು ವಾರ. ಸರ್ಕಾರಿ ನೌಕರರಿಗೆ ಕೊಟ್ಟ ಆರನೇ ವೇತನ ಆಯೋಗದ ಸಂಬಳ ನಮಗೂ ಕೊಡಿ ಅಂತ ಕೇಳಿದ್ದು. ಸಿಕ್ಕಿದ್ದೇನು? ವಜಾ, ಅಮಾನತು, ವರ್ಗಾವಣೆ. ಬಸ್ ಸ್ಟ್ಯಾಂಡಿನೊಳಗೆ ಖಾಸಗಿ ಗಾಡಿ ಬಿಟ್ಟರು. ಕೋವಿಡ್ ಎರಡನೇ ಅಲೆ ಬೇರೆ, ಹೈಕೋರ್ಟ್ ನಿಲ್ಲಿಸಿ ಅಂದಮೇಲೆ ಬರಿಗೈಲಿ ಕೆಲಸಕ್ಕೆ ಹೋದರು. 2025ರ ಆಗಸ್ಟ್ 5ಕ್ಕೆ 38 ತಿಂಗಳ ಹಿಂಬಾಕಿ ಕೇಳಿ ಮತ್ತೆ ನಿಂತರು, ಅದಕ್ಕೂ ಕೋರ್ಟಿನ ತಡೆ, ಅದೇ ದಿನ ಮುಂದೂಡಿಕೆ. ಅವತ್ತು ಟಿವಿ ನೋಡುತ್ತಾ ಅಪ್ಪ ಅಂದ ಮಾತು, "ನಿಮ್ಮ ಸಂಪು ಆದ್ರ ಆರ್ಡರ್ ಬರತೈತಿ, ನಮ್ಮ ಸಂಪು ಆದ್ರ ಮೆಮೊ ಬರತೈತಿ."

ಆಶಾ ಕಾರ್ಯಕರ್ತೆಯರು 2025ರ ಜನವರಿ ಚಳಿಯಲ್ಲಿ ಫ್ರೀಡಂ ಪಾರ್ಕಿನಲ್ಲಿ ನಾಲ್ಕು ದಿನ ಕೂತರು. ತಿಂಗಳಿಗೆ 10,000 ಖಾತ್ರಿ ಅನ್ನೋ ಭರವಸೆ ತಗೊಂಡು ಎದ್ದರು. ಅಂಗನವಾಡಿಯವರು 2023ರ ಜನವರಿಯಲ್ಲಿ ಅದೇ ಜಾಗದಲ್ಲಿ ಗ್ರಾಚ್ಯುಟಿಗಾಗಿ ಕೂತರು. ಅವರಿಗೆ ಗ್ರಾಚ್ಯುಟಿ ಕಾಯ್ದೆ ಅನ್ವಯಿಸುತ್ತೆ ಅಂತ ಗುಜರಾತಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರ ಏಪ್ರಿಲ್ 25ಕ್ಕೇ ಹೇಳಿ ಆಗಿತ್ತು. ತೀರ್ಪು ಬಂದರೂ ರಸ್ತೆಗೆ ಬರಬೇಕು. ಮಕ್ಕಳನ್ನು ಕಟ್ಟಿಕೊಂಡು, ರೈಲು ಹತ್ತಿ, ಫುಟ್‌ಪಾತ್ ಮೇಲೆ ಮಲಗಿ. ನಾವು ಮಾತ್ರ ಬೆಳಿಗ್ಗೆ ಬೀಗ ಹಾಕಿ, ಬೀಗದ ಕೈ ಜೇಬಲ್ಲಿಟ್ಟುಕೊಂಡು, ಸಂಜೆಗೆ ಗೆದ್ದವರು.

ಅಂದರೆ ಮುಷ್ಕರ ಅನ್ನೋ ಆಯುಧ ಯಾರ ಕೈಯಲ್ಲಿ ಹರಿತ? ಕಡತ ಯಾರ ಮೇಜಿನ ಮೇಲಿದೆಯೋ ಅವರ ಕೈಯಲ್ಲಿ. ಖಜಾನೆ ಬಿಲ್ಲು, ಚುನಾವಣೆ ಕೆಲಸ, ಜನಗಣತಿ ಎಲ್ಲ ನಮ್ಮಿಂದ ನಡೆಯಬೇಕು. ಅಡುಗಿ ಅಕ್ಕ ನಾಳೆ ಸೌಟು ಕೆಳಗಿಟ್ಟರೆ ಹಸಿಯೋದು ಮಕ್ಕಳ ಹೊಟ್ಟೆ, ವಿಧಾನಸೌಧದ್ದಲ್ಲ.

ದುಡ್ಡು ಎಲ್ಲಿಂದ ಬರಬೇಕು?

ಇದನ್ನು ಓದುತ್ತಿರುವ ಕೆಲವರು ಈಗಾಗಲೇ ಟೈಪ್ ಮಾಡೋಕೆ ಶುರು ಮಾಡಿರ್ತೀರಿ, ಗೊತ್ತು :-) "ಸ್ವಾಮಿ, ನಿಮಗೇ ಇಷ್ಟು ಸಂಬಳ, ಮತ್ತೆ ಪಿಂಚಣಿ ಬೇರೆ, ನಮ್ಮ ತೆರಿಗೆ ದುಡ್ಡು ಎಲ್ಲ ನಿಮಗೇ ಸುರಿಯಬೇಕಾ?"

ಈ ಮಾತಿನಲ್ಲಿ ಅರ್ಧ ಸತ್ಯ ಇದೆ. ಅದನ್ನು ಒಪ್ಪಿಕೊಳ್ಳದೆ ಮುಂದೆ ಹೋಗೋದು ಅಪ್ರಾಮಾಣಿಕತನ. ಕೆ. ಸುಧಾಕರ ರಾವ್ ಅಧ್ಯಕ್ಷತೆಯ ಏಳನೇ ವೇತನ ಆಯೋಗದ ವರದಿ 2024ರ ಆಗಸ್ಟ್ 1ರಿಂದ ಜಾರಿಗೆ ಬಂತು. ಕನಿಷ್ಠ ಮೂಲವೇತನ 17,000ದಿಂದ 27,000 ಆಯ್ತು. ವರ್ಷಕ್ಕೆ 20,208 ಕೋಟಿ ಹೊರೆ ಅಂತ ಸರ್ಕಾರವೇ ಲೆಕ್ಕ ಕೊಟ್ಟಿತು. ನಾನೂ ಅದರ ಫಲಾನುಭವಿ, ಮುಚ್ಚಿಡೋದು ಏನಿಲ್ಲ. ಈ ದುಡ್ಡು ಆಕಾಶದಿಂದ ಬೀಳಲ್ಲ. ನಮ್ಮ ಯಲಬುರ್ಗಾ, ಕುಷ್ಟಗಿ ಕಡೆಯ ಎರೆ ಹೊಲದವರು ಮಳೆ ಕೈಕೊಟ್ಟ ವರ್ಷ ಮಂಗಳೂರು, ಗೋವಾ, ಬೆಂಗಳೂರು ಅಂತ ಗುಳೆ ಹೋಗ್ತಾರೆ. ಅಲ್ಲಿ ಗಾರೆ ಕೆಲಸ ಮಾಡಿ ಬಂದ ಕೂಲಿಯಲ್ಲಿ ಸಾಬೂನು, ಚಪ್ಪಲಿ, ಮೊಬೈಲ್ ಕೊಂಡಾಗ ಜಿಎಸ್‌ಟಿ ಕಟ್ಟುತ್ತಾರೆ. ಗಂಗಾವತಿ ಕಡೆ ಕಾಲುವೆ ನೀರಿದೆ, ಭತ್ತದ ಕಣಜ ಅಂತಾರೆ. ಆದರೆ ಸಸಿ ಹಚ್ಚುವ ಹೆಣ್ಣಾಳು, ರೈಸ್‌ಮಿಲ್ಲಿನಲ್ಲಿ ಚೀಲ ಹೊರುವ ಹಮಾಲರ ಮುಪ್ಪಿಗೆ ಯಾವ ಕಣಜವೂ ಇಲ್ಲ. ಕೊಪ್ಪಳದ ಸುತ್ತ ಕಾರ್ಖಾನೆಗಳಿವೆ, ಒಳಗೆ ಹೋಗಿ ನೋಡಿದರೆ ಬಹಳಷ್ಟು ಹುಡುಗರು ಗುತ್ತಿಗೆ ಮೇಲೆ. ಈ ನಾಲ್ಕು ತಾಲ್ಲೂಕಿನಲ್ಲಿ ಅರವತ್ತು ದಾಟಿದ ಮೇಲೂ ದುಡಿಯುವವರ ಹೆಸರು ಬರೆಯುತ್ತಾ ಹೋದರೆ ನಮ್ಮ ಸಾಲಿಯ ಹಾಜರಿ ಪುಸ್ತಕ ಸಾಲಲ್ಲ. ಇವರೆಲ್ಲ ಕಟ್ಟಿದ ತೆರಿಗೆಯಿಂದ ನನಗೊಬ್ಬನಿಗೇ ಭದ್ರ ಮುಪ್ಪು ಕೊಡಿ ಅಂತ ಕೇಳೋಕೆ ನನಗೆ ನಾಚಿಕೆ ಆಗಬೇಕು.

ಆದರೆ ಇನ್ನರ್ಧ ಸುಳ್ಳು. ದುಡ್ಡಿಲ್ಲ ಅನ್ನೋದು ಸುಳ್ಳು. 2019ರ ಸೆಪ್ಟೆಂಬರ್ 20ಕ್ಕೆ ಕೇಂದ್ರ ಸರ್ಕಾರ ಕಂಪನಿಗಳ ತೆರಿಗೆಯನ್ನು 30ರಿಂದ 22ಕ್ಕೆ ಇಳಿಸಿತು. ಅದರಿಂದ ವರ್ಷಕ್ಕೆ 1.45 ಲಕ್ಷ ಕೋಟಿ ಆದಾಯ ಬಿಟ್ಟುಕೊಡುತ್ತೇವೆ ಅಂತ ಅವರೇ ಹೇಳಿದರು. ಆಗ "ದುಡ್ಡು ಎಲ್ಲಿಂದ" ಅಂತ ಯಾರೂ ಕೇಳಲಿಲ್ಲ. ನಮ್ಮ ವಿಧಾನಸಭೆಗೆ ಬನ್ನಿ. 2025ರ ಮಾರ್ಚ್ 21, ಸದನದಲ್ಲಿ ಗದ್ದಲವೋ ಗದ್ದಲ, 18 ಶಾಸಕರ ಅಮಾನತು. ಅದೇ ಗಲಾಟೆಯ ನಡುವೆ ಶಾಸಕರ ಸಂಬಳ 40,000ದಿಂದ 80,000ಕ್ಕೆ, ಮಾಜಿಗಳ ಪಿಂಚಣಿ 50,000ದಿಂದ 75,000ಕ್ಕೆ ಏರಿಸುವ ವಿಧೇಯಕ ಪಾಸಾಯ್ತು. ಒಂದು ಅವಧಿ ಗೆದ್ದರೂ ಪಿಂಚಣಿ. ಎನ್‌ಪಿಎಸ್ ಇವರಿಗಿಲ್ಲ, ಮಾರುಕಟ್ಟೆ ಏರಿಳಿತ ಇವರಿಗಿಲ್ಲ, ಸಮಿತಿ ಇವರಿಗಿಲ್ಲ. ಕಾರ್ಯಕರ್ತೆಯರ ಕಡತ ವರ್ಷಗಟ್ಟಲೆ ಓಡಾಡುತ್ತೆ, ಇವರದ್ದು ಒಂದೇ ದಿನದಲ್ಲಿ ಮುಗಿಯುತ್ತೆ.

ಒಂದು ಸಣ್ಣ ಲೆಕ್ಕ ಹಾಕಿ. ರಾಜ್ಯದಲ್ಲಿ ಬಿಸಿಯೂಟದ ಅಡುಗೆಯವರು ಒಂದು ಲಕ್ಷಕ್ಕೂ ಹೆಚ್ಚು. ಲಕ್ಷ ಅಂತಲೇ ಹಿಡಿಯಿರಿ. ಒಬ್ಬೊಬ್ಬರ ಹೆಸರಲ್ಲೂ ಸರ್ಕಾರ ತಿಂಗಳಿಗೆ ಒಂದು ಸಾವಿರ ಪಿಂಚಣಿ ನಿಧಿಗೆ ಕಟ್ಟಿದರೆ ವರ್ಷಕ್ಕೆ 120 ಕೋಟಿ. ನಮ್ಮ ವೇತನ ಆಯೋಗದ 20,208 ಕೋಟಿಯ ಮುಂದೆ ಇದು ನೂರಕ್ಕೆ ಒಂದು ರೂಪಾಯಿಯೂ ಅಲ್ಲ. ಅಷ್ಟು ದುಡ್ಡು ಇಲ್ಲದೆ ಅಲ್ಲ. ಕೇಳುವ ದನಿಗೆ ತೂಕ ಇಲ್ಲದೆ ಆಗಿಲ್ಲ.

ಹಾಗಾದರೆ ಮಾಡೋದೇನು?

ಹಳೇ ಪಿಂಚಣಿ ಹೋರಾಟ ಬಿಡಿ ಅಂತ ನಾನು ಹೇಳ್ತಿಲ್ಲ. 2024ರ ಜನವರಿಯಲ್ಲಿ ಸಿದ್ದರಾಮಯ್ಯ ಸರ್ಕಾರ, 2006ಕ್ಕೆ ಮೊದಲೇ ನೇಮಕಾತಿ ಅಧಿಸೂಚನೆ ಆಗಿ ಆಮೇಲೆ ಸೇರಿದ ಸುಮಾರು 13,000 ಮಂದಿಯನ್ನು ಹಳೇ ಪಿಂಚಣಿಗೆ ತಂದಿತು. ಉಳಿದವರು ನೋಡುತ್ತಾ ನಿಂತೆವು. ಕೇಂದ್ರ ಸರ್ಕಾರ 2024ರ ಆಗಸ್ಟ್ 24ಕ್ಕೆ ಯುಪಿಎಸ್ ಅಂತ ಘೋಷಿಸಿತು. 25 ವರ್ಷ ಸೇವೆ ಇದ್ದರೆ ಕೊನೆಯ 12 ತಿಂಗಳ ಸರಾಸರಿ ಮೂಲವೇತನದ ಅರ್ಧ, 10 ವರ್ಷ ಇದ್ದರೆ ಕನಿಷ್ಠ 10,000. ಮಾರುಕಟ್ಟೆಗೆ ಮುಪ್ಪನ್ನು ಒಪ್ಪಿಸಿದ್ದು ತಪ್ಪಾಯ್ತು ಅಂತ ಅವರೇ ಒಪ್ಪಿಕೊಂಡ ಹಾಗಾಯ್ತು ಅಲ್ಲವೇ? ಇದೆಲ್ಲ ಬಂದದ್ದು ನೌಕರರು ಬೀದಿಗಿಳಿದದ್ದರಿಂದ. ಮುಷ್ಕರ ಮಾಡೋರು ದೇಶದ್ರೋಹಿಗಳು ಅನ್ನೋರ ಜೊತೆ ನಾನಿಲ್ಲ. 2003ರಲ್ಲಿ ತಮಿಳುನಾಡಿನಲ್ಲಿ ಮುಷ್ಕರ ಮಾಡಿದ ಸುಮಾರು 1.7 ಲಕ್ಷ ನೌಕರರನ್ನು ವಜಾ ಮಾಡಿದ್ದು, ಸರ್ಕಾರಿ ನೌಕರರಿಗೆ ಮುಷ್ಕರದ ಹಕ್ಕೇ ಇಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು ನಮಗ್ಯಾರಿಗೂ ಮರೆತಿಲ್ಲ. ಹೆದರಿಕೆ ಇದ್ದರೂ ನಿಂತವರಿಂದಲೇ ಇಷ್ಟಾದರೂ ಉಳಿದಿದೆ.

ನನ್ನ ತಕರಾರು ನಮ್ಮ ಬೇಡಿಕೆ ಪಟ್ಟಿಯ ಬಗ್ಗೆ. ಒಂದು ಸಭೆಯಲ್ಲಿ ಎದ್ದು ನಿಂತು ಕೇಳಿದೆ, "ಮುಂದಿನ ಮನವಿ ಪತ್ರದಲ್ಲಿ ಅಡುಗೆಯವರ, ಅಂಗನವಾಡಿ ಆಶಾದವರ, ಗುತ್ತಿಗೆಯವರ ಪಿಂಚಣಿ ಅಂತ ಒಂದು ಸಾಲು ಸೇರಿಸೋಣ" ಅಂತ. ಮುಂದಿನ ಸಾಲಿನಿಂದ ಉತ್ತರ ಬಂತು, "ಮಾಸ್ತರ, ಅವರು ನಮ್ಮ ಸಂಘದ ಸದಸ್ಯರಲ್ಲ, ಅದು ಬೇರೆ ವಿಷಯ. ನಮ್ದು ಕೆಡಸಬ್ಯಾಡ್ರಿ." ಎಲ್ಲರೂ ಚಹಾಕ್ಕೆ ಎದ್ದರು. ಮಿರ್ಚಿ ಚೆನ್ನಾಗಿತ್ತು.

ನಮ್ದು ಕೆಡುತ್ತೆ ಅನ್ನೋದೇ ತಪ್ಪು ತಿಳುವಳಿಕೆ. ಯೋಚನೆ ಮಾಡಿ. ರಾಜ್ಯದಲ್ಲಿ ಎರಡೂವರೆ ಲಕ್ಷದಷ್ಟು ಮಂಜೂರಾದ ಹುದ್ದೆ ಖಾಲಿ ಇವೆ ಅನ್ನೋ ಮಾತು ವರ್ಷಗಳಿಂದ ಕೇಳುತ್ತಿದ್ದೇವೆ. ಆ ಖಾಲಿ ಕುರ್ಚಿಯ ಕೆಲಸ ಯಾರು ಮಾಡ್ತಿದ್ದಾರೆ? ಅತಿಥಿ ಶಿಕ್ಷಕರು, ಹೊರಗುತ್ತಿಗೆಯ ಡಾಟಾ ಎಂಟ್ರಿ ಹುಡುಗರು. ನಮ್ಮ ಸಾಲಿಯಲ್ಲೇ ಅತಿಥಿ ಶಿಕ್ಷಕಿ ಇದ್ದಾಳೆ, ನನ್ನಷ್ಟೇ ಪಾಠ ಮಾಡ್ತಾಳೆ. ಸರ್ಕಾರಕ್ಕೆ ಪಿಂಚಣಿ ಇಲ್ಲದ ಕೈಗಳಿಂದಲೇ ಕೆಲಸ ನಡೆಯುತ್ತೆ ಅಂತ ಗೊತ್ತಾದ ಮೇಲೆ, ಪಿಂಚಣಿ ಕೊಡುವ ನೌಕರಿ ಯಾಕೆ ತುಂಬುತ್ತೆ? ಅವರ ಮುಪ್ಪು ಅಗ್ಗ ಆದಷ್ಟೂ ನನ್ನ ಮುಪ್ಪು ಸರ್ಕಾರದ ಕಣ್ಣಿಗೆ ದುಬಾರಿಯಾಗಿ ಕಾಣುತ್ತೆ. ಇವತ್ತು ಅವರ ಜೊತೆ ನಾವು ನಿಲ್ಲದಿದ್ದರೆ ನಾಳೆ ನಮ್ಮ ಮುಷ್ಕರದ ದಿನ ಊರವರು ಯಾಕೆ ನಮ್ಮ ಜೊತೆ ನಿಲ್ಲಬೇಕು? "ಮಾಸ್ತರಗ ಎಷ್ಟ ಕೊಟ್ರೂ ಸಾಲಂಗಿಲ್ಲ" ಅಂತ ಕಟ್ಟೆ ಮೇಲೆ ಕೂತು ನಗುತ್ತಾರೆ. ನಗೋದು ಸರಿ ಕೂಡ.

ಅದಕ್ಕೇ ನನ್ನ ಮಟ್ಟಿಗೆ ಒಂದು ತೀರ್ಮಾನ ಮಾಡಿದ್ದೀನಿ. ಮುಂದಿನ ಸಲ ಬೀಗ ಹಾಕಿ ಅಂತ ಕರೆ ಬಂದರೆ ಮೊದಲು ಬೇಡಿಕೆ ಪಟ್ಟಿ ತೋರಿಸಿ ಅಂತೀನಿ. ಅದರಲ್ಲಿ ಅಡುಗೆ ಕೋಣೆಯವರ ಹೆಸರು ಇರಬೇಕು, ಕೊನೆಯಲ್ಲಿ ಅಲ್ಲ, ಮೊದಲಲ್ಲಿ. ಇದ್ದರೆ ಒಂದು ದಿನ ಅಲ್ಲ, ಒಂದು ತಿಂಗಳ ಸಂಬಳ ಹೋದರೂ ಕೂರ್ತೀನಿ. ಇಲ್ಲದಿದ್ದರೆ ಬೀಗದ ಕೈ ಬೇರೆಯವರು ಹಿಡಿಯಲಿ. ದ್ರೋಹಿ ಅಂತ ಕರೀತಾರೆ, ಕರೀಲಿ.

ಬೀಳ್ಕೊಡುಗೆ ಆದ ಮುಂದಿನ ಭಾನುವಾರ ಅಡುಗಿ ಅಕ್ಕನ ಮನೆಗೆ ಹೋಗಿದ್ದೆ. ಶಾಲು ತಗೊಂಡು ಹೋಗಿದ್ದೆ, ಹೆಡ್ ಮಾಸ್ತರರೂ ಜೊತೆಗೆ ಬಂದಿದ್ದರು, ಅವರ ದೊಡ್ಡತನ. ಆಕೆ ಶಾಲು ತಗೊಂಡು ಮೊಮ್ಮಗನ ಮೇಲೆ ಹೊದಿಸಿದಳು. ಚಹಾ ಕೊಟ್ಟಳು. ಆಮೇಲೆ ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್ಕಿನ ಝೆರಾಕ್ಸ್ ಇಟ್ಟಿದ್ದ ಪ್ಲಾಸ್ಟಿಕ್ ಚೀಲ ತಂದು ಮುಂದಿಟ್ಟು, "ವಿಚಾರಸಿದ್ರೇನ್ರಿ ಸರ?" ಅಂದಳು.

ವೃದ್ಧಾಪ್ಯ ವೇತನದ ಅರ್ಜಿ ತುಂಬಿಕೊಟ್ಟೆ. ಅದರಲ್ಲಿ "ಉದ್ಯೋಗ" ಅಂತ ಒಂದು ಕಾಲಂ ಇತ್ತು. ಏನು ಬರೀಲಿ ಅಂತ ಕೇಳಿದೆ. "ಸಾಲ್ಯಾಗ ಅಡಗಿ ಮಾಡ್ತಿದ್ದೆ ಅಂತ ಬರೀರಿ, ಇಪ್ಪತ್ತ ವರ್ಷದ ಮ್ಯಾಲ ಆತು" ಅಂದಳು.

ಹಾಗೇ ಬರೆದೆ.

ನಿಮ್ಮಲ್ಲಿ ಸರ್ಕಾರಿ ನೌಕರಿಯವರು ಬಹಳ ಜನ ಇದ್ದೀರಿ. ನಿಮ್ಮ ಕಚೇರಿಯಲ್ಲಿ, ಸಾಲಿಯಲ್ಲಿ, ಆಸ್ಪತ್ರೆಯಲ್ಲಿ ಹೀಗೆ ಹೇಳದೆ ಕೇಳದೆ ಅರವತ್ತು ತುಂಬಿಸಿಕೊಂಡು ಹೋದವರು ಯಾರು? ಅವರಿಗೇನು ಸಿಕ್ಕಿತು? ಕೆಳಗೆ ಬರೀರಿ. ನನ್ನ ಮಾತು ತಪ್ಪು ಅನ್ನಿಸಿದರೂ ಬರೀರಿ, ಜಗಳ ಆಡೋಣ. ಸುಮ್ಮನೆ ಮಾತ್ರ ಇರಬೇಡಿ.